ಖಾಲಿ ಕುರ್ಚಿಗೆ ಹೇಳಿದ ಹೆಸರು

ರೇಡಿಯೋದಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಹೇಳಬಹುದಾದದ್ದು ಬಹಳ ಇಲ್ಲ. ಕೆಂಪು ದೀಪ ಹೊತ್ತಿದ ಮೇಲೆ ಕೆಮ್ಮಬೇಡಿ. ಗಂಜಿ ಹಾಕಿದ ಸೀರೆ ಉಡಬೇಡಿ, ಮೈಕಿಗೆ ಅದು ಮಳೆಯ ಹಾಗೆ ಕೇಳಿಸುತ್ತದೆ. ಬಳೆ ತೆಗೆದಿಡಿ. ಈ ಮೂರೂ ಈಗ ಬೇಕಾಗಲಿಕ್ಕಿಲ್ಲ. ಕೆಮ್ಮನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ತೆಗೆಯುತ್ತಾರಂತೆ.

ಮೊನ್ನೆ ಕುಶಾಲನಗರದ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ನಮ್ಮ ಹಳೆಯ ಸ್ಟೇಷನ್ನಿನಲ್ಲಿ ಅನೌನ್ಸರ್ ಆಗಿ ಸೇರಿದ್ದಾಳೆ. "ಆಂಟಿ, ನಮ್ಮಲ್ಲಿ ಸಿಂಫನಿ ಆರ್ಕೆಸ್ಟ್ರಾ ಇತ್ತಂತೆ, ಹೌದಾ?" ಎಂದು ಕೇಳಿದಳು. ಗುಡ್ಡದ ಮೇಲೆ ಒಂದು ಕಾಲದಲ್ಲಿ ಯಾರೋ ಜಿರಾಫೆ ಸಾಕಿದ್ದರಂತೆ, ಹೌದಾ, ಎನ್ನುವ ಧಾಟಿಯಲ್ಲಿ. ಇತ್ತು ಎಂದೆ. ಅವಳು ಕಾಫಿ ಕುಡಿದು, ಥ್ಯಾಂಕ್ಸ್ ಹೇಳಿ, ಸ್ಕೂಟರ್ ಹತ್ತಿ ಹೋದಳು. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಾಲ್ಕು ಸಾಲು ಬರೆಯುತ್ತೇನೆ, ಎದ್ದು ಕಿಟಕಿಗೆ ಹೋಗುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಲೈವ್ ಬ್ರಾಡ್‌ಕಾಸ್ಟಿನಲ್ಲಿ ಇಪ್ಪತ್ತು ವರ್ಷ ಕಳೆದವರ ಮೈಗೆ ಈ ಚಟ ಅಂಟಿಕೊಂಡೇ ಇರುತ್ತದೆ. ಯಾವಾಗ ದೀಪ ಹೊತ್ತುತ್ತದೋ ಎಂಬ ಕಾತರ. ಈಗ ಯಾವ ದೀಪವೂ ಹೊತ್ತುವುದಿಲ್ಲ, ಆದರೂ.

ನಾನು ಶ್ರೀಮಂಗಲದ ಕಡೆಯವಳು. ಮನೆಯಲ್ಲಿ ಕೊಡವ ಮಾತು, ಕಾನ್ವೆಂಟಿನಲ್ಲಿ ಇಂಗ್ಲಿಷು. ಕನ್ನಡವನ್ನು ನನಗೆ ಸರಿಯಾಗಿ ಕಲಿಸಿದ್ದು ರೇಡಿಯೋವೇ, ಹಾಗಾಗಿ ಈ ಬರಹದಲ್ಲಿ ಎಲ್ಲಾದರೂ ವಾರ್ತೆ ಓದಿದ ಹಾಗೆ ಕೇಳಿಸಿದರೆ ಎಕ್ಸ್‌ಕ್ಯೂಸ್ ಮಾಡಿ. ಕಾನ್ವೆಂಟಿನ ಸಿಸ್ಟರ್ ಆಗ್ನೆಸ್ ನನಗೆ ವಯಲಿನ್ ಕಲಿಸಿದರು. ಮಳೆಗಾಲದ ಸಂಜೆಗಳಲ್ಲಿ ಬೇರೆ ಹುಡುಗಿಯರು ಬ್ಯಾಡ್ಮಿಂಟನ್ ಆಡಲಾಗದೆ ಮುಖ ಊದಿಸಿಕೊಂಡು ಕೂತಿದ್ದರೆ ನಾನು ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ ಸ್ಕೇಲ್ ನುಡಿಸುತ್ತಿದ್ದೆ. ಸಿಸ್ಟರ್‌ಗೆ ನನ್ನನ್ನು ಮದ್ರಾಸಿಗೆ ಕಳಿಸಿ ಓದಿಸುವ ಆಸೆ. ನಮ್ಮ ಮನೆಯವರಿಗೆ ಮದುವೆ ಮಾಡುವ ಆಸೆ. ಎರಡರ ನಡುವೆ ನಾನು ರೇಡಿಯೋ ಆಡಿಷನ್ನಿಗೆ ಹೋಗಿ ಪಾಸಾಗಿಬಿಟ್ಟೆ.

ಸ್ಟೇಷನ್ನು ಗುಡ್ಡದ ನೆತ್ತಿಯಲ್ಲಿತ್ತು. ಸಂಗೀತದ ವಿಭಾಗದಲ್ಲಿ ಹನ್ನೆರಡು ಹದಿಮೂರು ಜನ. ಮೂರು ವಯಲಿನ್, ಒಂದು ಚೆಲ್ಲೋ, ಪೊಲೀಸ್ ಬ್ಯಾಂಡಿನಿಂದ ರಿಟೈರ್ ಆಗಿ ಬಂದ ಕ್ಲಾರಿನೆಟ್ಟಿನವರು, ಕೊಳಲು, ವೀಣೆ, ತಬಲ. ಸರಕಾರದ ಕಾಗದದಲ್ಲಿ ಇದಕ್ಕೆ ವಾದ್ಯವೃಂದ ಎಂದು ಹೆಸರು. ಆದರೆ ಮೊದಲು ಬಂದ ಡೈರೆಕ್ಟರಿಗೆ ದೊಡ್ಡದಾಗಿ ಯೋಚಿಸುವ ಅಭ್ಯಾಸ. ಅವರು ಬಾಗಿಲಿಗೆ "ಸಿಂಫನಿ ಆರ್ಕೆಸ್ಟ್ರಾ" ಎಂಬ ಹಿತ್ತಾಳೆಯ ಫಲಕ ಹೊಡೆಸಿದರು. ಸಿಸ್ಟರ್ ಆಗ್ನೆಸ್‌ಗೆ ಹೇಳಿದಾಗ, ಮೈ ಡಿಯರ್, ಸಿಂಫನಿಗೆ ಅಷ್ಟು ಜನ ಸೆಕೆಂಡ್ ವಯಲಿನ್ನಿಗೇ ಬೇಕು ಎಂದು ನಕ್ಕರು. ನಾವು ಮಾತ್ರ ಆ ಫಲಕವನ್ನು ಸೀರಿಯಸ್ ಆಗಿಯೇ ತೆಗೆದುಕೊಂಡೆವು. ಪಾಶ್ಚಾತ್ಯರ ದೊಡ್ಡ ಕೃತಿಗಳನ್ನು ನಾನು ಕೂತು ನಮ್ಮ ಹದಿಮೂರು ಜನಕ್ಕೆ ಸಾಲುವ ಹಾಗೆ ಬರೆದುಕೊಡುತ್ತಿದ್ದೆ. ಟ್ರಂಪೆಟ್ ಬರಬೇಕಾದಲ್ಲಿ ಕ್ಲಾರಿನೆಟ್, ಹಾರ್ಪ್ ಬರಬೇಕಾದಲ್ಲಿ ವೀಣೆ. ಟಿಂಪನಿ ಡ್ರಮ್ಮು ಬರಬೇಕಾದಲ್ಲಿ ಸುಬ್ಬ.

ಸುಬ್ಬ ಓಲಗದವರ ಮನೆಯವನು. ಕೊಡಗಿನಲ್ಲಿ ಮದುವೆಯಾಗಲಿ ಸಾವಾಗಲಿ ಓಲಗ ಇಲ್ಲದೆ ನಡೆಯುವುದಿಲ್ಲ, ಮತ್ತು ಯಾವ ಮನೆಗೆ ಯಾವ ಓಲಗದವರು ಎಂಬುದು ತಾತಂದಿರ ಕಾಲದಲ್ಲೇ ತೀರ್ಮಾನವಾಗಿರುತ್ತದೆ. ಸುಬ್ಬನ ತಂದೆ ಕಾಳಪ್ಪ ನಮ್ಮ ಮನೆಯ ಮದುವೆಗಳಿಗೆ ಡೋಲು ಹೊಡೆದವರು. ಚಿಕ್ಕವಳಿದ್ದಾಗ ನಾನು ಅವರನ್ನು ಅಂಗಳದ ಆಚೆ ಬದಿಯಲ್ಲಷ್ಟೇ ನೋಡಿದ್ದು. ಅಂಗಳ ದಾಟಿ ಅವರು ಬರುತ್ತಿರಲಿಲ್ಲ, ಬನ್ನಿ ಎಂದು ನಾವೂ ಕರೆಯುತ್ತಿರಲಿಲ್ಲ. ಅವರ ಮಗ ರೇಡಿಯೋಗೆ ಬಂದ ಮೊದಲ ದಿನ ಡೋಲು ಹಿಡಿದು ಸ್ಟುಡಿಯೋದ ಬಾಗಿಲಲ್ಲೇ ನಿಂತ. ತಬಲದ ಇಬ್ರಾಹಿಂ ತನ್ನ ಕಾಲಿನಿಂದಲೇ ಒಂದು ಕುರ್ಚಿಯನ್ನು ಅವನ ಕಡೆ ತಳ್ಳಿ, "ಕೂತ್ಕೊ ಭಾಯ್. ಇಲ್ಲಿ ನಿಂತವನಿಗೆ ಮೈಕ್ ಸಿಗಲ್ಲ" ಎಂದ. ಅಷ್ಟೇ. ಅದಾದ ಮೇಲೆ ಆ ಕುರ್ಚಿ ಸುಬ್ಬನದಾಯಿತು.

ಆದರೆ ಅವನು ಕ್ಯಾಷುಯಲ್ ಆರ್ಟಿಸ್ಟ್. ಕರೆದಾಗ ಬರುವವನು. ನಮ್ಮ ಅನೌನ್ಸರ್ ಪದ್ಮನಾಭ ಪ್ರತಿ ಕಾರ್ಯಕ್ರಮದ ಮೊದಲು ಸ್ಟಾಫಿನವರ ಹೆಸರುಗಳನ್ನೆಲ್ಲ ಬೆಣ್ಣೆಯಂಥ ದನಿಯಲ್ಲಿ ಓದಿ, ಕೊನೆಗೆ "ಮತ್ತು ಸಂಗಡಿಗರು" ಎಂದು ಮುಗಿಸುತ್ತಿದ್ದ. ಆ ಸಂಗಡಿಗರು ಎಂದರೆ ಸುಬ್ಬ. ಕಾಳಪ್ಪನವರಿಗೆ ಆ ಹೊತ್ತಿಗೆ ಕಣ್ಣು ಕಾಣುತ್ತಿರಲಿಲ್ಲ. ಶ್ರೀಮಂಗಲದಲ್ಲಿ ರೇಡಿಯೋವನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮ ಒಂದು ಕಾರ್ಯಕ್ರಮವನ್ನೂ ಬಿಡದೆ ಕೇಳುತ್ತಿದ್ದರು. ಮಗ ಮನೆಗೆ ಹೋದಾಗ, ಎಲ್ಲರ ಹೆಸರೂ ಬಂತು, ನಿನ್ನದು ಬರಲಿಲ್ಲವಲ್ಲ ಎನ್ನುತ್ತಿದ್ದರಂತೆ. ಸುಬ್ಬ ಇದನ್ನು ನಗುತ್ತಲೇ ಹೇಳುತ್ತಿದ್ದ. ಪ್ರತಿ ಸಲ ಸ್ಟುಡಿಯೋಗೆ ಬಂದಾಗಲೂ ನನ್ನ ಹತ್ತಿರ ಬಗ್ಗಿ, "ಬೊಳ್ಳಕ್ಕ, ಇವತ್ತಾದ್ರೂ ಹೆಸರು ಹೇಳ್ತಾರಾ?" ಎಂದು ಕೇಳುತ್ತಿದ್ದ. ನಾನು ಡೈರೆಕ್ಟರನ್ನು ಕೇಳುತ್ತಿದ್ದೆ. ಡೈರೆಕ್ಟರು ರೂಲ್ಸ್ ಇಲ್ಲ ಎನ್ನುತ್ತಿದ್ದರು. ಇದು ವರ್ಷಗಟ್ಟಲೆ ನಡೆಯಿತು. ಆ ಮನುಷ್ಯನಿಗೆ ರೇಡಿಯೋದಿಂದ ಬೇಕಿದ್ದದ್ದು ಅದೊಂದೇ, ತಂದೆಯ ಕಿವಿಗೆ ತನ್ನ ಹೆಸರು.

ಕೆಲಸದ ಬಗ್ಗೆ ಹೇಳಬೇಕು. ಸುಬ್ಬನಿಗೆ ನೊಟೇಷನ್ ಓದಲು ಬರುತ್ತಿರಲಿಲ್ಲ, ತಾಳದ ಬಾರ್‌ಗಳನ್ನು ಎಣಿಸುವ ಅಭ್ಯಾಸವೂ ಇರಲಿಲ್ಲ. ಅವನು ನನ್ನ ಬಲಗೈಯ ಮೊಣಕೈಯನ್ನು ನೋಡುತ್ತಿದ್ದ. ನಾನು ಕಮಾನನ್ನು ಎಳೆಯುವಾಗ ಮೊಣಕೈಯನ್ನು ಒಂದಿಷ್ಟು ಮೇಲೆ ಎತ್ತಿದರೆ ಅವನ ಎಂಟ್ರಿ. ಪರ್ಫೆಕ್ಟ್ ಆಗಿ ಬರುತ್ತಿದ್ದ. ಒಂದು ಸಂಜೆ ಲೈವ್ ನಡೆಯುತ್ತಿದ್ದಾಗ ನನ್ನ ಕಾಲಿಗೆ ಉಂಬಳ, ಅಂದರೆ ನಮ್ಮ ಕಾಡಿನ ಜಿಗಣೆ, ಹತ್ತಿತು. ಮಳೆಗಾಲದಲ್ಲಿ ಹುಲ್ಲಿನ ದಾರಿಯಲ್ಲಿ ಬರುವವರ ಸೀರೆಯಲ್ಲಿ ಉಂಬಳ ಬರುವುದು ಹೊಸದಲ್ಲ. ಅದು ಮೇಲೆ ಮೇಲೆ ಏರತೊಡಗಿತು. ತಡೆದೆ, ತಡೆದೆ, ಇನ್ನು ತಡೆಯಲಾಗದೆ ಮೈ ಕೊಡವಿದೆ. ಮೊಣಕೈ ಮೇಲೆ ಹೋಯಿತು. ಸುಬ್ಬ ಬಂದೇ ಬಿಟ್ಟ, ಬರಬೇಕಾದ ಜಾಗಕ್ಕಿಂತ ಎಷ್ಟೋ ಮೊದಲು, ಪೂರ್ತಿ ಧೈರ್ಯದಲ್ಲಿ. ಕ್ಲಾರಿನೆಟ್ಟಿನವರು ಪೊಲೀಸ್ ಮನುಷ್ಯ, ಡೋಲು ಕೇಳಿದರೆ ಮಾರ್ಚ್ ಮಾಡುವವರು, ಅವರೂ ಹೊರಟರು. ಮಿಕ್ಕವರು ಹಿಂದೆ ಓಡಿದರು. ಕೃತಿ ಬೇಗ ಮುಗಿದುಹೋಯಿತು, ಉಳಿದ ಸಮಯವನ್ನು ಪದ್ಮನಾಭ ಹವಾಮಾನ ಹೇಳಿ ತುಂಬಿಸಿದ. ಡೈರೆಕ್ಟರ್ ಶೇಷಾದ್ರಿಯವರು ಬಯಲುಸೀಮೆಯಿಂದ ಆಗಷ್ಟೇ ವರ್ಗವಾಗಿ ಬಂದಿದ್ದರು. ಒಳಗೆ ಕರೆಸಿ ಏನಾಯಿತು ಎಂದು ಕೇಳಿದರು. "ಉಂಬಳ ಸರ್" ಎಂದೆ. ಅವರು ಗಂಭೀರವಾಗಿ, "ಅದು ಯಾವ ರಾಗ?" ಎಂದರು.

ಮಳೆಗಾಲ ನಮ್ಮ ಪರಮಶತ್ರು. ತಂತಿಗಳು ಇಳಿಯುತ್ತಿದ್ದವು, ಡೋಲಿನ ಚರ್ಮ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗುತ್ತಿತ್ತು. ಸುಬ್ಬ, ಇಬ್ರಾಹಿಂ ಇಬ್ಬರೂ ಕಾರಿಡಾರಿನಲ್ಲಿ ಕೆಂಡದ ಬಾಣಲೆ ಇಟ್ಟುಕೊಂಡು ತಮ್ಮ ವಾದ್ಯಗಳಿಗೆ ಶಾಖ ಕೊಡುತ್ತ ಕೂರುತ್ತಿದ್ದರು. ಇಬ್ಬರಿಗೂ ಜಗಳ, ಯಾರದ್ದು ಕೆಂಡಕ್ಕೆ ಹತ್ತಿರ ಎಂದು. ನಿನ್ನದು ಬೀದಿಯ ವಾದ್ಯ, ಮಳೆಯಲ್ಲಿ ನೆಂದು ಅಭ್ಯಾಸ ಇದೆ, ದೂರ ಇಡು ಎಂದು ಇಬ್ರಾಹಿಂ. ನಿನ್ನದು ದರ್ಬಾರಿನದು, ಅದಕ್ಕೆ ಸಣ್ಣ ನೆಗಡಿಗೂ ಡಾಕ್ಟರ್ ಬೇಕು ಎಂದು ಸುಬ್ಬ. ಆ ಜಗಳ ಕೇಳುತ್ತ ನಾನು ನನ್ನ ವಯಲಿನ್ನನ್ನು ಶಾಲಿನೊಳಗೆ ಸುತ್ತಿ ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ನಿಂತಿರುತ್ತಿದ್ದೆ. ಬಹಳ ಒಳ್ಳೆಯ ದಿನಗಳು.

ಆರ್ಕೆಸ್ಟ್ರಾ ಹೇಗೆ ಮುಗಿಯಿತು ಎಂದು ಆ ಹುಡುಗಿ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಯಾರೂ ಅದನ್ನು ಮುಚ್ಚಲಿಲ್ಲ. ಚೆಲ್ಲೋದವರು ರಿಟೈರ್ ಆದರು, ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಕೊಳಲಿನವರು ವರ್ಗವಾದರು. ಒಂದು ದಿನ ಕೀಬೋರ್ಡ್ ಬಂತು, ಅದರಲ್ಲಿ "ಸ್ಟ್ರಿಂಗ್ಸ್" ಎಂಬ ಬಟನ್ ಇತ್ತು, ಒತ್ತಿದರೆ ವಯಲಿನ್ನುಗಳ ದನಿ. ಅದನ್ನು ಒತ್ತಿ ಎಂಜಿನಿಯರ್ ಹುಡುಗ ನನ್ನ ಮುಖ ನೋಡಿದ. ಮಳೆಯಲ್ಲೂ ಅದರ ಶ್ರುತಿ ಇಳಿಯುತ್ತಿರಲಿಲ್ಲ, ನಾನೇನು ಹೇಳಲಿ? ಈಗ ನಮ್ಮ ಸ್ಟುಡಿಯೋದಲ್ಲಿ ಕಂಪ್ಯೂಟರುಗಳಿವೆಯಂತೆ. ಇರಲಿ. ನಾನು ಹೇಳಲು ಕೂತದ್ದು ಇದಲ್ಲ.

ಹೇಳಲು ಕೂತದ್ದು ದತ್ತಾ ಸಾಹೇಬರು ಬಂದ ವರ್ಷದ ಕತೆ. ಕಲ್ಕತ್ತೆಯ ಕಡೆಯವರು, ಸಂಗೀತ ರಚಿಸುವವರು. ಕಾವೇರಿಯ ಮೇಲೆ ಒಂದು ಸಿಂಫನಿ ಮಾಡಿ ಅದನ್ನು ಕೊಡಗಿನಿಂದಲೇ ಲೈವ್ ಆಗಿ ದೇಶಕ್ಕೆಲ್ಲ ಪ್ರಸಾರ ಮಾಡಬೇಕು ಎಂದು ಮೇಲಿನವರು ಅವರನ್ನು ಕಳಿಸಿದ್ದರು. ಬೆಂಗಳೂರು, ಮೈಸೂರುಗಳಿಂದ ಇನ್ನಷ್ಟು ವಾದಕರು ಬಂದರು. ಮೊದಲ ಬಾರಿಗೆ ಬಾಗಿಲಿನ ಫಲಕಕ್ಕೂ ಒಳಗಿನ ಜನಕ್ಕೂ ಹೊಂದಾಣಿಕೆ ಆಯಿತು. ದತ್ತಾ ಸಾಹೇಬರು ಮೃದು ಮನುಷ್ಯ, ಯಾರಿಗೂ ದನಿ ಎತ್ತಿದವರಲ್ಲ. ತಪ್ಪು ನುಡಿಸಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅದು ಬೈಗುಳಕ್ಕಿಂತ ಕಷ್ಟ.

ಅವರು ರಿಹರ್ಸಲ್ ಶುರುವಾಗುವ ಮೊದಲು ಜೀಪಿನಲ್ಲಿ ಊರೂರು ಸುತ್ತಿದ್ದರು. ಭಾಗಮಂಡಲದ ದಾರಿಯಲ್ಲಿ ಒಂದು ಮನೆಯಲ್ಲಿ ಸಾವಾಗಿತ್ತು, ಓಲಗ ನುಡಿಯುತ್ತಿತ್ತು. ಮನೆಯವರನ್ನು ಕೇಳಿ ಅದನ್ನು ಟೇಪಿನಲ್ಲಿ ಹಿಡಿದುಕೊಂಡು ಬಂದರು. ಒಂದು ಮಧ್ಯಾಹ್ನ ಸ್ಟುಡಿಯೋ ಖಾಲಿ ಇರಲಿಲ್ಲ, ನಮ್ಮನ್ನೆಲ್ಲ ಕ್ಯಾಂಟೀನಿನ ಜಗಲಿಯಲ್ಲಿ ಕೂರಿಸಿ ದೊಡ್ಡ ಸ್ಪೀಕರಿನಲ್ಲಿ ಅದನ್ನು ಕೇಳಿಸಿದರು. ಓಲಗದವರು ಬಡಿತದ ವರಸೆಗೆ ಕೊಟ್ಟು ಎನ್ನುತ್ತಾರೆ. ಮದುವೆಗೆ ಒಂದು ಕೊಟ್ಟು, ಕುಣಿತಕ್ಕೆ ಒಂದು, ಸಾವಿಗೆ ಒಂದು. ಈ ಕೊಡಗಿನಲ್ಲಿ ಬೆಳೆದ ಮಕ್ಕಳಿಗೂ ವ್ಯತ್ಯಾಸ ಗೊತ್ತು. ಟೇಪಿನಲ್ಲಿದ್ದದ್ದು ಸಾವಿನ ಕೊಟ್ಟು, ನಿಧಾನದ್ದು, ಒಂದು ಹೆಜ್ಜೆ ಇಟ್ಟು ಇನ್ನೊಂದು ಇಡಲೋ ಬೇಡವೋ ಎಂದು ನಿಂತ ಹಾಗೆ. ಹೊಡೆದವನು ಸುಬ್ಬನೇ. ಆ ಮನೆ ಅವರ ಪಾಲಿನ ಮನೆ.

ನಮ್ಮಲ್ಲಿ ಸಾವಿಗೆ ಯಾರೂ ಯಾರನ್ನೂ ಕರೆಯುವುದಿಲ್ಲ. ಕೇಳಿಸಿದವರು ಬರುತ್ತಾರೆ. ಸ್ಪೀಕರಿನ ಸದ್ದು ಗುಡ್ಡದ ಕೆಳಗಿನ ರಸ್ತೆಗೆ ಇಳಿದಿತ್ತು. ಸ್ವಲ್ಪ ಹೊತ್ತಿನಲ್ಲಿ ಒಂದು ಜೀಪು ಬಂದು ನಿಂತಿತು, ಅದರಿಂದ ವಯಸ್ಸಾದ ಪ್ಲಾಂಟರೊಬ್ಬರು ಇಳಿದು, ಹ್ಯಾಟ್ ತೆಗೆದು ಕೈಯಲ್ಲಿ ಹಿಡಿದು, ಜಗಲಿಯ ತುದಿಯಲ್ಲಿ ತಲೆ ತಗ್ಗಿಸಿ ಕೂತರು. ಆಮೇಲೆ ಕಾಫಿ ತೋಟದ ಆಳುಗಳ ಲೈನ್ ಮನೆಗಳ ಕಡೆಯಿಂದ ನಾಲ್ಕು ಹೆಂಗಸರು. ವಾಚ್‌ಮನ್ ಏನು ಮಾಡುವುದೆಂದು ತಿಳಿಯದೆ ಅವರಿಗೆ ಬೆಂಚು ಹಾಕಿದ. ದತ್ತಾ ಸಾಹೇಬರಿಗೆ ಬಹಳ ಸಂತೋಷ, ಸಂಗೀತ ಕೇಳಲು ಊರವರು ಬಂದಿದ್ದಾರೆ ಎಂದು. ಟೇಪು ಮುಗಿದ ಮೇಲೆ ಪ್ಲಾಂಟರು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಯಾರದಮ್ಮ?" ಎಂದರು. ಯಾರೂ ಇಲ್ಲ, ಇದು ರಿಹರ್ಸಲ್ ಎಂದೆ. ಅವರು ನನ್ನನ್ನು ನೋಡಿದರು, ಸ್ಪೀಕರನ್ನು ನೋಡಿದರು, ಹ್ಯಾಟ್ ಹಾಕಿಕೊಂಡು ಜೀಪು ಹತ್ತಿದರು. ಆ ಹೆಂಗಸರು ಮಾತ್ರ ನಗು ತಡೆಯಲಾಗದೆ ಸೆರಗು ಬಾಯಿಗೆ ಇಟ್ಟುಕೊಂಡು ಹೋದರು. ನಾವೂ ನಕ್ಕೆವು. ಸುಬ್ಬ ನಗಲಿಲ್ಲ.

ದತ್ತಾ ಸಾಹೇಬರು ಆ ಕೊಟ್ಟನ್ನು ಸಿಂಫನಿಯ ನಿಧಾನಗತಿಯ ಭಾಗದಲ್ಲಿ, ನದಿ ಕೊಡಗನ್ನು ಬಿಟ್ಟು ಹೋಗುವಲ್ಲಿ, ಇಟ್ಟಿದ್ದರು. ಮೊದಲು ಡೋಲೊಂದೇ, ಆಮೇಲೆ ಅದರ ಮೇಲೆ ವಯಲಿನ್ನುಗಳು ಒಂದೊಂದಾಗಿ. ಬರೆದದ್ದು ಅದ್ಭುತವಾಗಿತ್ತು, ಅದರ ಬಗ್ಗೆ ಸುಳ್ಳು ಹೇಳಲಾರೆ. ಆದರೆ ಸುಬ್ಬ ಡೋಲಿನ ಕೋಲುಗಳನ್ನು ತೊಡೆಯ ಮೇಲಿಟ್ಟು ಕೂತುಬಿಟ್ಟ. ನಾನು ನಡುವೆ ನಿಂತು ಅವನ ಮಾತನ್ನು ಇಂಗ್ಲಿಷಿಗೆ, ಅವರ ಮಾತನ್ನು ಕನ್ನಡಕ್ಕೆ ಹೇಳಬೇಕಾಯಿತು.

"ಆವತ್ತು ಅಲ್ಲಿ ಹೆಣ ಇತ್ತು ಅಕ್ಕ. ಇಲ್ಲಿ ಯಾರಿಗೆ ಹೊಡಿಯೋದು?" ಎಂದ ಸುಬ್ಬ.

ಸಂಗೀತ ಯಾರಿಗೋ ಒಬ್ಬರಿಗೆ ಎಂದು ಇರುವುದಿಲ್ಲ, ಕೇಳುವವರಲ್ಲಿ ಎಲ್ಲರಿಗೂ ಯಾರೋ ತೀರಿಕೊಂಡವರು ಇದ್ದೇ ಇರುತ್ತಾರೆ, ಅವರಿಗಾಗಿ ಎಂದುಕೊಳ್ಳಲಿ ಎಂದರು ದತ್ತಾ. ಬಹಳ ಚಂದದ ಮಾತು. ನಾನು ಅದನ್ನು ಆದಷ್ಟು ಚಂದವಾಗಿಯೇ ಕನ್ನಡಕ್ಕೆ ತಂದೆ. ಸುಬ್ಬ ಗೌರವದಿಂದ ಕೇಳಿಸಿಕೊಂಡ. ಆಮೇಲೆ ಹೇಳಿದ, ಹೆಣ ಇಲ್ಲದಲ್ಲಿ ಆ ಕೊಟ್ಟು ಹೊಡೆದ ಕೈಯನ್ನು ಯಾರೂ ಮದುವೆಯ ಅಂಗಳಕ್ಕೆ ಕರೆಯುವುದಿಲ್ಲ. ಹೊಡೆದರೆ ಸಾವು ಯಾವುದೋ ಮನೆಯನ್ನು ಹುಡುಕಿಕೊಂಡು ಹೋಗುತ್ತದೆ ಎಂದು ಅವರ ನಂಬಿಕೆ. ಆ ಕೊಟ್ಟು ಇರುವ ಕಾರ್ಯಕ್ರಮದ ಬೇರೆ ಭಾಗಗಳಿಗೂ ತಾನು ಕೂರುವುದಿಲ್ಲ ಎಂದ.

ದತ್ತಾ ಸಾಹೇಬರು ಕಣ್ಣು ಮುಚ್ಚಿಕೊಂಡರು. ಒತ್ತಾಯ ಮಾಡಲಿಲ್ಲ. ಡೈರೆಕ್ಟರ್ ಶೇಷಾದ್ರಿಯವರು ಮಾಡಿದರು. ಸುಬ್ಬನನ್ನು ಒಳಗೆ ಕರೆಸಿ, ಇದರಲ್ಲಿ ನುಡಿಸಿದರೆ ನಿನ್ನ ಹೆಸರು ದೇಶಕ್ಕೆಲ್ಲ ಕೇಳುತ್ತದೆ, ನಾನೇ ಹೇಳಿಸುತ್ತೇನೆ ಎಂದರಂತೆ. ಅವನು ಹೊರಗೆ ಬಂದಾಗ ನಾನು ಕಾರಿಡಾರಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದೆ. ಏನು ಹೇಳಿದೆ ಎಂದು ಕೇಳಿದೆ. ಬೇಡ ಎಂದೆ ಎಂದ. ಅವನ ಮುಖ ನೋಡಲಾಗಲಿಲ್ಲ. ಡೋಲನ್ನು ಹೆಗಲಿಗೆ ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೆ ಇಳಿದು ಹೋದ.

ಅವನ ಬದಲು ಇಬ್ರಾಹಿಂ ಡೋಲು ಹಿಡಿದ. ಟೇಪನ್ನು ಮತ್ತೆ ಮತ್ತೆ ಕೇಳಿ ಸುಬ್ಬನ ಬಡಿತವನ್ನು ಹಾಗೇ ಕಲಿತ. ಅವನಿಗೂ ಮನಸ್ಸಿರಲಿಲ್ಲ, ಆದರೆ ಸ್ಟಾಫ್ ಆರ್ಟಿಸ್ಟ್, ಆಗುವುದಿಲ್ಲ ಎನ್ನುವ ಹಾಗಿಲ್ಲ.

ಪ್ರಸಾರದ ಸಂಜೆ. ಇಬ್ರಾಹಿಂ ತನ್ನ ಜಾಗದಲ್ಲೇ ಕೂತಿದ್ದ, ಸುಬ್ಬನ ಕುರ್ಚಿ ಖಾಲಿ ಇತ್ತು. ಅದನ್ನು ತೆಗೆಯಲು ಯಾರಿಗೂ ತೋಚಿರಲಿಲ್ಲ. ಕೆಂಪು ದೀಪ ಹೊತ್ತಿತು. ಪದ್ಮನಾಭ ಗಾಜಿನ ಆಚೆ ಕೂತು ಹೆಸರುಗಳನ್ನು ಓದತೊಡಗಿದ. ರಚನೆ, ನಿರ್ದೇಶನ. ವಯಲಿನ್ನುಗಳು. ಕ್ಲಾರಿನೆಟ್. ಆಮೇಲೆ ಅದೇ ಬೆಣ್ಣೆಯ ದನಿಯಲ್ಲಿ, "ಡೋಲು, ಸುಬ್ಬ."

ನನ್ನ ಕಮಾನು ತಂತಿಯ ಮೇಲೆ ಇತ್ತು. ದೀಪ ಹೊತ್ತಿದೆ, ಬಾಯಿ ತೆರೆಯುವ ಹಾಗಿಲ್ಲ, ಏಳುವ ಹಾಗಿಲ್ಲ, ಬೇಡ ಎಂದು ಗಾಜಿನ ಕಡೆ ಕೈ ಮಾಡಿದರೂ ಪದ್ಮನಾಭ ತಲೆಯನ್ನೇ ಎತ್ತುತ್ತಿರಲಿಲ್ಲ. ಇಬ್ರಾಹಿಂ ನನ್ನನ್ನು ನೋಡಿದ, ನಾನು ಖಾಲಿ ಕುರ್ಚಿಯನ್ನು ನೋಡಿದೆ. ಇಷ್ಟು ವರ್ಷ ಅವನು ಕೇಳಿದ್ದು, ಅವನಿಲ್ಲದ ಕುರ್ಚಿಗೆ ಸಿಕ್ಕಿಬಿಟ್ಟಿತ್ತು. ದತ್ತಾ ಸಾಹೇಬರು ಕೈ ಎತ್ತಿದರು. ನಾವು ನುಡಿಸಿದೆವು.

ಮುಗಿದ ಮೇಲೆ ದತ್ತಾ ಸಾಹೇಬರ ಹತ್ತಿರ ಓಡಿದೆ. ಅವರಿಗೆ ನನ್ನ ಗಾಬರಿ ಅರ್ಥವೇ ಆಗಲಿಲ್ಲ. ಹೆಸರನ್ನು ಸೇರಿಸಲು ಹೇಳಿದವರು ಅವರೇ. ಆ ಬಡಿತ ಅವನದು, ಇಬ್ರಾಹಿಂ ಕಲಿತದ್ದು ಅವನಿಂದ, ಕ್ರೆಡಿಟ್ ಅವನಿಗೆ ಸಲ್ಲಬೇಕಲ್ಲವೇ ಮಿಸ್ ಬೊಳ್ಳಮ್ಮ, ಅವನು ಬರದಿದ್ದರೂ ನಾನು ಅವನ ಹಕ್ಕನ್ನು ಕಿತ್ತುಕೊಳ್ಳಲಿಲ್ಲ ಎಂದರು. ತುಂಬ ಹೆಮ್ಮೆಯಿಂದ ಹೇಳಿದರು. ಒಳ್ಳೆಯ ಮನುಷ್ಯ ಒಳ್ಳೆಯದೇ ಮಾಡಿದ್ದೇನೆ ಎಂದುಕೊಂಡು ನಿಂತಿರುವಾಗ ಏನು ಹೇಳುವುದು? ಮರುದಿನ ಅವರು ರೈಲು ಹತ್ತಲು ಮೈಸೂರಿಗೆ ಹೊರಟರು.

ಎರಡು ದಿನ ಬಿಟ್ಟು ಸುಬ್ಬ ಬಂದ. ಒಳಗೆ ಬರಲಿಲ್ಲ, ಗೇಟಿನ ಹತ್ತಿರ ನಿಂತಿದ್ದ. ನಾನೇ ಹೋದೆ. ಗಾಳಿಬೀಡಿನ ಒಂದು ಮನೆಯಲ್ಲಿ ಮದುವೆ ನಿಶ್ಚಯವಾಗಿತ್ತು, ತಲೆಮಾರುಗಳಿಂದ ಇವರದೇ ಓಲಗ. ನೀವು ಬರುವುದು ಬೇಡ ಎಂದು ಹೇಳಿ ಕಳಿಸಿದ್ದರು. ಇನ್ನೊಂದು ಮನೆಯವರು ಹೇಳಿ ಕಳಿಸಲೂ ಇಲ್ಲ, ಬೇರೆಯವರನ್ನು ಗೊತ್ತುಮಾಡಿದ್ದರು. ಒಂದು ಮನೆ ಹೋದರೆ ಅದರ ನೆಂಟರ ಮನೆಗಳೂ ಹೋಗುತ್ತವೆ, ಹೀಗೇ ಆದರೆ ಅವನ ಮಕ್ಕಳಿಗೆ ಹೊಡೆಯಲು ಅಂಗಳವೇ ಉಳಿಯುವುದಿಲ್ಲ. ಅಂಗಡಿಯಲ್ಲಿ, ಬಸ್ಸಿನಲ್ಲಿ ಎಲ್ಲರೂ ಒಂದೇ ಮಾತು. ರೇಡಿಯೋದಲ್ಲಿ ಹೆಸರು ಬರಲಿ ಎಂದು ಹೆಣ ಇಲ್ಲದೆ ಹೊಡೆದನಂತೆ.

"ಅಪ್ಪ ಏನು ಹೇಳಿದ್ರು?" ಎಂದು ಕೇಳಿದೆ.

"ಆವತ್ತು ನಾನು ಊರಲ್ಲಿರ್ಲಿಲ್ಲ. ಹೆಸರು ಕೇಳಿ ಕುಶಿಯಾಗಿ ಎಲ್ಲರನ್ನೂ ಕರೆದಿದ್ರು. ಆಮೇಲೆ ಆ ಕೊಟ್ಟು ಬಂತಲ್ಲ, ರೇಡಿಯೋ ಕೆಳಗಿಟ್ರು. ಕೈ ನಿನ್ನದಲ್ಲ ಅಂತ ನನಗೆ ಗೊತ್ತಾಯ್ತು, ಊರಿಗೆ ಯಾರು ಹೇಳೋದು ಅಂದ್ರು." ಗೇಟಿನ ಸರಳು ಹಿಡಿದು ಹೇಳಿದ, "ನೀವೇ ಹೇಳಬೇಕು ಅಕ್ಕ. ಹೇಳಿದ್ದು ರೇಡಿಯೋ. ಅಲ್ಲ ಅನ್ನೋದೂ ರೇಡಿಯೋವೇ ಆಗ್ಬೇಕು."

ಡೈರೆಕ್ಟರ ಕೋಣೆಗೆ ಹೋದೆ. ತಿದ್ದುಪಡಿ ಎಂದರೆ ವಾರ್ತೆಗೆ, ಸಂಗೀತಕ್ಕೆ ತಿದ್ದುಪಡಿ ಹೇಳಿದ ಪದ್ಧತಿ ಎಲ್ಲೂ ಇಲ್ಲ ಎಂದರು. ದೇಶಕ್ಕೆಲ್ಲ ಹೋದ ಕಾರ್ಯಕ್ರಮ, ತಪ್ಪು ಎಂದು ನಾವೇ ಹೇಳಿಕೊಂಡರೆ ಮೇಲಿನವರು ಏನೆಂದಾರು? ಅವನ ಹೆಸರು ಬರಲಿ ಎಂದು ಇಷ್ಟು ವರ್ಷ ನನ್ನ ತಲೆ ತಿಂದವರು ನೀವು, ಈಗ ಬಂತಲ್ಲ ಎಂದರು. ಬೆಳಿಗ್ಗೆ ಹೋದೆ, ಮಧ್ಯಾಹ್ನ ಹೋದೆ, ಮರುದಿನ ಹೋದೆ. ನನ್ನನ್ನು ಕಂಡರೆ ಅವರು ಫೋನ್ ಎತ್ತಿಕೊಂಡು ಯಾರೊಂದಿಗೋ ಮಾತಾಡುವ ಹಾಗೆ ಮಾಡುತ್ತಿದ್ದರು. ಕಾನ್ವೆಂಟಿನಲ್ಲಿ ನಮಗೆ ತಾಳ್ಮೆಯನ್ನು ಕಲಿಸಿದ್ದರು, ನನಗೆ ಅದು ಅಂಟಿರಲಿಲ್ಲ. ರಾತ್ರಿ ನಿದ್ದೆ ಇಲ್ಲ, ವಯಲಿನ್ ಮುಟ್ಟಲು ಮನಸ್ಸಿಲ್ಲ.

ದಾರಿ ತೋರಿಸಿದ್ದು ಇಬ್ರಾಹಿಂ. ಒಂದು ದಿನ ನನ್ನ ಹಿಂದೆಯೇ ಡೈರೆಕ್ಟರ ಕೋಣೆಗೆ ನುಗ್ಗಿದ. "ಸಾರ್, ಡೋಲು ನುಡಿಸಿದ್ದು ನಾನು. ನನ್ನ ನುಡಿಕೆಯನ್ನ ಬೇರೆಯವರ ಹೆಸರಲ್ಲಿ ಹೇಳಿದ್ದೀರಿ. ನಾನು ಸ್ಟಾಫು, ನನಗೆ ನನ್ನ ಹೆಸರು ಬೇಕು" ಎಂದ.

ಡೈರೆಕ್ಟರ ಕೈಯಿಂದ ಫೋನ್ ಕೆಳಗಿಳಿಯಿತು. ಕ್ಯಾಷುಯಲ್ ಮನುಷ್ಯ ಬೇಡ ಎಂದರೆ ಕೇಳಬೇಕಾದ ರೂಲ್ಸ್ ಇರಲಿಲ್ಲ. ಸ್ಟಾಫ್ ಆರ್ಟಿಸ್ಟ್ ಬೇಕು ಎಂದರೆ ಕೇಳಲೇಬೇಕಾದ ರೂಲ್ಸ್ ಇತ್ತು. ಹೊರಗೆ ಬಂದ ಮೇಲೆ ನಾನು ಇಬ್ರಾಹಿಂನನ್ನು, ಆ ಕೊಟ್ಟಿನ ಜೊತೆ ನಿನ್ನ ಹೆಸರು ಬಂದರೆ ನಿನಗೇನೂ ಆಗದೇ ಎಂದು ಕೇಳಿದೆ. "ನನ್ನನ್ನ ಯಾರು ಮೇಡಂ ಓಲಗಕ್ಕೆ ಕರೀತಾರೆ? ಬಿರಿಯಾನಿಗೆ ಕರೀತಾರೆ. ಅದಕ್ಕೆ ತೊಂದರೆ ಇಲ್ಲ" ಎಂದ.

ವಾಕ್ಯ ಬರೆಯಲು ಕೂತೆವು. ಡೈರೆಕ್ಟರು ಬರೆಸಿದ್ದು, ತಾಂತ್ರಿಕ ಕಾರಣದಿಂದ ವಾದಕರ ಹೆಸರಿನಲ್ಲಿ ವ್ಯತ್ಯಾಸವಾಗಿದೆ ಎಂದು. ಸುಬ್ಬನನ್ನು ಕರೆಸಿ ಓದಿ ಹೇಳಿದೆ. ಅವನು ಒಪ್ಪಲಿಲ್ಲ. ಕೊಡಗಿನಲ್ಲಿ ಸುಬ್ಬಂದಿರು ಎಷ್ಟೋ ಜನ, ಇಂಥ ಊರಿನ ಇಂಥವರ ಮಗ ಎಂದು ಹೇಳಬೇಕು. ಮತ್ತು ನುಡಿಸಲಿಲ್ಲ ಎಂದರೆ ಸಾಲದು. ಜ್ವರ ಬಂದು ಮಲಗಿದವನೂ ನುಡಿಸುವುದಿಲ್ಲ. ಒಪ್ಪಲಿಲ್ಲ ಎಂದು ಹೇಳಬೇಕು.

"ಒಪ್ಪಲಿಲ್ಲ ಅಂದರೆ ನಾವು ಕೇಳಿದ್ದೆವು ಎಂದಾಗುತ್ತದಲ್ಲ" ಎಂದರು ಡೈರೆಕ್ಟರು.

"ಕೇಳಿದ್ದು ಹೌದಲ್ಲ ಸಾರ್" ಎಂದ ಸುಬ್ಬ.

ಡೈರೆಕ್ಟರು ಕಲ್ಕತ್ತೆಗೆ ಟ್ರಂಕ್ ಕಾಲ್ ಹಾಕಿಸಿ ದತ್ತಾ ಸಾಹೇಬರನ್ನು ಕೇಳಿದರು. ಅವರು ಅಷ್ಟು ದೂರದಿಂದ ಏನು ಹೇಳಿದರೋ ನನಗೆ ಪೂರ್ತಿ ಗೊತ್ತಿಲ್ಲ. ಡೈರೆಕ್ಟರು ಫೋನ್ ಇಟ್ಟು, ಅವರಿಗೆ ಬಹಳ ನೋವಾಗಿದೆ, ಆದರೆ ಅವನು ಹೇಳಿದ ಹಾಗೇ ಓದಿಸಿ ಎಂದಿದ್ದಾರೆ ಎಂದರು. ಯಾವಾಗ ಓದುವುದು ಎಂದು ಕೇಳಿದಾಗ ಸುಬ್ಬನ ಹತ್ತಿರ ಅದಕ್ಕೂ ಉತ್ತರವಿತ್ತು. ಕಾಫಿ, ಕರಿಮೆಣಸಿನ ದರ ಹೇಳಿ ಮುಗಿದ ಕೂಡಲೇ. ಆಗ ಕೊಡಗಿನಲ್ಲಿ ರೇಡಿಯೋ ಹಾಕದ ಮನೆ ಇರುವುದಿಲ್ಲ.

ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಸಲ ಓದಿದರು. ನಾನು ಗಾಜಿನ ಈಚೆ ನಿಂತು ಪದ್ಮನಾಭನ ತುಟಿಗಳನ್ನೇ ನೋಡುತ್ತಿದ್ದೆ. ಕರಿಮೆಣಸಿನ ದರ ಮುಗಿಯಿತು. ಕಾವೇರಿ ಸಿಂಫನಿಯಲ್ಲಿ ಡೋಲು ನುಡಿಸಿದವರು ಇಬ್ರಾಹಿಂ. ಶ್ರೀಮಂಗಲದ ಓಲಗದ ಕಾಳಪ್ಪನವರ ಮಗ ಸುಬ್ಬ ಆ ಕಾರ್ಯಕ್ರಮದಲ್ಲಿ ನುಡಿಸಲಿಲ್ಲ. ನುಡಿಸಲು ಅವರು ಒಪ್ಪಲಿಲ್ಲ.

ಅಷ್ಟೇ. ನನ್ನ ಇಡೀ ಸರ್ವಿಸಿನಲ್ಲಿ ನಮ್ಮ ಸ್ಟೇಷನ್ನು ಸಂಗೀತಕ್ಕೆ ಹೇಳಿದ ತಿದ್ದುಪಡಿ ಅದೊಂದೇ. ಆ ಪೇಚಾಟದಿಂದ ಬುದ್ಧಿ ಕಲಿತ ಡೈರೆಕ್ಟರು, ಕ್ಯಾಷುಯಲ್ ಕಲಾವಿದರ ಹೆಸರನ್ನು ಇನ್ನು ಮುಂದೆ ಯಾವ ಕಾರಣಕ್ಕೂ ಹೇಳಕೂಡದು ಎಂದು ಆರ್ಡರ್ ಹೊರಡಿಸಿದರು. ಆರ್ಕೆಸ್ಟ್ರಾ ಇರುವವರೆಗೂ ಸುಬ್ಬ ನಮ್ಮ ಜೊತೆ ನುಡಿಸಿದ. ಹೆಸರು ಮತ್ತೆ ಬರಲಿಲ್ಲ.

ಆದರೆ ಅದು ಮುಂದಿನ ಮಾತು. ತಿದ್ದುಪಡಿಯ ಮರುದಿನ ಮೊದಲ ಬಸ್ಸಿಗೇ ಬಂದು ಅವನು ಕ್ಯಾಂಟೀನಿನಲ್ಲಿ ಕೂತಿದ್ದ. ನಾನು ಎದುರು ಕೂತೆ. ಮನಸ್ಸು ತಡೆಯದೆ ಕೇಳಿದೆ, "ಹೆಸರು ಹೇಳಿದ್ರು, ಅದೂ ಅಲ್ಲ ಅನ್ಲಿಕ್ಕೆ. ನಿನಗೆ ಬೇಜಾರಾಗ್ಲಿಲ್ವ ಸುಬ್ಬ?"

ಅವನು ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಯೋಚಿಸಿದ. "ಅಪ್ಪ ಮೂರೂ ಸಲ ಕೇಳಿದ್ರು. ಮಧ್ಯಾಹ್ನ ಉಣ್ಣೋದು ಬಿಟ್ಟು ಎದ್ದು ನಿಂತ್ರು. ಅವರ ಹೆಸರೂ ಬಂತಲ್ಲ ಅಕ್ಕ. ಅದನ್ನ ನಾನೂ ನೆನೆಸಿರ್ಲಿಲ್ಲ."

ಆಮೇಲೆ ಎದ್ದು, ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು, ಬಂದ ಕೆಲಸ ಹೇಳಿದ. "ಭಾನುವಾರ ರೆಕಾರ್ಡಿಂಗಿಗೆ ನನ್ನ ಕಾಯ್ಬೇಡಿ. ಗಾಳಿಬೀಡಿನವರು ನಿನ್ನೆ ಸಂಜೆ ಆಳು ಕಳಿಸಿದ್ರು. ಮದುವೆ ಉಂಟು."